ಹೊಸ ವಾಯ್ಸರ್ ಹಾಕಿದರೂ ಬಚ್ಚಲಮನೆಯ ನಳ ಹನಿಯುವುದು ನಿಂತಿಲ್ಲ, ಕಾರಣ ತಿಳಿಸಿ

ಜಲನಗರ ನಿವಾಸಿ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಮ್ಮ ಬಚ್ಚಲಮನೆಯಲ್ಲಿ ಎರಡು ನಳಗಳಿವೆ. ಬಕೆಟ್ ತುಂಬಿಸಿಕೊಳ್ಳುವ ಕೆಳಗಿನ ನಳ ಹಳೆಯ ಕಾಲದ ದಪ್ಪ ಹಿತ್ತಾಳೆಯದು. ಮೂರು ನಾಲ್ಕು ಸುತ್ತು ತಿರುವಿದರೆ ಪೂರ್ತಿ ತೆರೆದುಕೊಳ್ಳುತ್ತದೆ. ಕೈ ತೊಳೆಯುವ ಬೇಸಿನ್ನಿನ ಮೇಲಿನದು ಇತ್ತೀಚಿನದು. ಕಾಲು ಸುತ್ತಿಗೇ ನೀರು ಬರುತ್ತದೆ. ಈಗ ಎರಡೂ ಹನಿಯುತ್ತಿವೆ.

ಹಿತ್ತಾಳೆಯ ನಳವನ್ನು ನಾನೇ ಬಿಚ್ಚಿ ಹೊಸ ರಬ್ಬರ್ ವಾಯ್ಸರ್ (ವಾಷರ್) ಹಾಕಿದೆ. ಸ್ವಲ್ಪ ಕಾಲ ಸರಿಯಾಗಿತ್ತು, ಆಮೇಲೆ ಮತ್ತೆ ಮೊದಲಿನಂತೆಯೇ ಹನಿಯತೊಡಗಿತು. ಬಲವಾಗಿ ಬಿಗಿದರೆ ನಿಲ್ಲುತ್ತದೆ. ಆದರೆ ಹಾಗೆ ಬಿಗಿದದ್ದನ್ನು ನಮ್ಮ ಅವ್ವನವರಿಗೆ ತೆರೆಯಲು ಬರುವುದಿಲ್ಲ; ಅವರ ಬೆರಳ ಸಂದುಗಳಲ್ಲಿ ನೋವಿದೆ, ನಸುಕಿನಲ್ಲಿ ಎದ್ದು ನೀರಿಗಾಗಿ ನಮ್ಮನ್ನು ಎಬ್ಬಿಸಲು ಅವರಿಗೆ ಸಂಕೋಚ. ಹನಿಯುವ ನಳದ ಕೆಳಗೆ ಅಳತೆಯ ಜಗ್ ಇಟ್ಟು ನೋಡಿದಾಗ ಗಂಟೆಗೆ ಹೆಚ್ಚುಕಡಿಮೆ 250 ಮಿಲಿಲೀಟರ್ ನೀರು ಕೂಡಿತು.

ಮಹಾನಗರ ಪಾಲಿಕೆಯ ನೀರನ್ನೇ ಮೇಲಿನ ಟಾಕಿಗೆ ಏರಿಸುತ್ತೇವೆ, ಬೇಸಿಗೆಯಲ್ಲಿ ಕೊಳವೆಬಾವಿಯ ನೀರೂ ಅದರೊಡನೆ ಸೇರುತ್ತದೆ. ಹೊಸ ವಾಯ್ಸರ್ ಏಕೆ ಬಾಳುತ್ತಿಲ್ಲ ಎಂಬುದು ನನ್ನ ಮುಖ್ಯ ಪ್ರಶ್ನೆ. ಬೇಸಿನ್ನಿನ ನಳದೊಳಗೆ ವಾಯ್ಸರ್ ಇರುವಂತೆಯೇ ಕಾಣುವುದಿಲ್ಲ. ಅದನ್ನು ಹೇಗೆ ಸರಿಪಡಿಸಬೇಕೆಂಬುದನ್ನೂ ಬಲ್ಲವರು ತಿಳಿಸಬೇಕು.

ನಳ ಜೋಡಣೆ ಕೆಲಸಗಾರ, ನವನಗರ, ಬಾಗಲಕೋಟೆ

ಸರ್, ನಿಮ್ಮ ಬರಹದಲ್ಲಿಯೇ ಉತ್ತರವಿದೆ. ವಾಯ್ಸರ್ ಹೊಸದಾಗಿದ್ದೂ ಬಲ ಹಾಕಿ ಬಿಗಿದಾಗ ಮಾತ್ರ ನೀರು ನಿಲ್ಲುತ್ತದೆಯೆಂದರೆ ದೋಷ ವಾಯ್ಸರಿನದಲ್ಲ, ಅದು ಕೂಡುವ ಸೀಟಿನದು. ನಳದ ಹೊಟ್ಟೆಯೊಳಗೆ ನೀರು ಮೇಲೇಳುವ ದುಂಡನೆಯ ಕಂಡಿಯೊಂದಿರುತ್ತದೆ. ಆ ಕಂಡಿಯ ಸುತ್ತ ತುಸು ಎತ್ತರಿಸಿದ ಹಿತ್ತಾಳೆಯ ಅಂಚಿರುತ್ತದೆ; ಅದೇ ಸೀಟು. ನೀವು ಹಿಡಿಕೆ ತಿರುವಿದಾಗ ಅದಕ್ಕೆ ಕೂಡಿದ ದಂಡು, ಅಂದರೆ ಸ್ಪಿಂಡಲ್, ಕೆಳಗಿಳಿದು, ಅದರ ತುದಿಯಲ್ಲಿರುವ ವಾಯ್ಸರನ್ನು ಆ ಅಂಚಿನ ಮೇಲೆ ಒತ್ತುತ್ತದೆ. ಅಂಚು ಸುತ್ತಲೂ ಸಮನಾಗಿದ್ದರೆ ಎರಡು ಬೆರಳಿನ ಬಲ ಸಾಕು.

ಹಳೆಯ ವಾಯ್ಸರ್ ಸವೆದ ಮೇಲೂ ಬಹುಕಾಲ ಹಾಗೆಯೇ ಬಳಸಿದರೆ ನೀರು ಒಂದೇ ಜಾಗದಿಂದ ಎಳೆಯಾಗಿ ನುಗ್ಗುತ್ತಿರುತ್ತದೆ. ಆ ಎಳೆನೀರು ಹಿತ್ತಾಳೆಯನ್ನೂ ಕೊರೆದು ಸಣ್ಣ ಕಾಲುವೆ ಮಾಡಿಬಿಡುತ್ತದೆ. ಅದರ ಮೇಲೆ ಹೊಸ ವಾಯ್ಸರ್ ಕೂಡಿಸಿದಾಗ ಮೆತ್ತನೆಯ ರಬ್ಬರು ಮೊದಮೊದಲು ಆ ಕಾಲುವೆಯೊಳಗೆ ಇಳಿದು ಅದನ್ನು ಮುಚ್ಚುತ್ತದೆ. ಅದಕ್ಕೇ ನಿಮಗೆ ಸ್ವಲ್ಪ ಕಾಲ ಸರಿಯಾದಂತೆ ಕಂಡಿದೆ. ದಿನವೂ ಬಿಗಿಯುತ್ತಿದ್ದಂತೆ ಆ ಅಂಚೇ ಹೊಸ ರಬ್ಬರನ್ನು ಕತ್ತರಿಸುತ್ತದೆ, ಹನಿ ಮತ್ತೆ ಶುರುವಾಗುತ್ತದೆ. ಎಷ್ಟು ಬಿಗಿಯುತ್ತೀರೋ ಅಷ್ಟು ಬೇಗ ವಾಯ್ಸರ್ ಹಾಳಾಗುತ್ತದೆ.

ಈ ಸಲ ಬಿಚ್ಚಿದಾಗ ವಾಯ್ಸರನ್ನು ನೋಡುವ ಮೊದಲು ಸೀಟನ್ನು ನೋಡಿರಿ. ಬ್ಯಾಟರಿ ದೀಪ ಹಿಡಿದು ಒಳಗೆ ನೋಡಿ, ಆಮೇಲೆ ಕಿರುಬೆರಳಿನ ತುದಿಯನ್ನು ಅಂಚಿನ ಸುತ್ತಲೂ ನಿಧಾನವಾಗಿ ಆಡಿಸಿರಿ. ಕಣ್ಣಿಗೆ ಕಾಣದ ತಗ್ಗು ಬೆರಳಿಗೆ ತಿಳಿಯುತ್ತದೆ. ಕೆಲವೊಮ್ಮೆ ಅಲ್ಲಿ ತಗ್ಗಿರುವುದಿಲ್ಲ, ಬಿಳಿಯ ಸವಳು ಗಟ್ಟಿಯಾಗಿ ಹತ್ತಿಕೊಂಡಿರುತ್ತದೆ. ಅಷ್ಟೇ ಆಗಿದ್ದರೆ ಅದನ್ನು ತೆಗೆದರೆ ಸಾಕು. ತಗ್ಗು ಬಿದ್ದಿದ್ದರೆ ಸೀಟ್ ಕಟರ್ ಎಂಬ ಉಪಕರಣ ಬೇಕಾಗುತ್ತದೆ. ಅದನ್ನು ಸ್ಪಿಂಡಲ್ಲಿನ ಜಾಗದಲ್ಲಿ ತಿರುಪಿ ಕೂಡಿಸಿ, ಹಗುರವಾಗಿ ಒತ್ತಿ ಒಂದೇ ದಿಕ್ಕಿಗೆ ತಿರುವಬೇಕು. ಅಂಚು ಸುತ್ತಲೂ ಒಂದೇ ಬಣ್ಣಕ್ಕೆ ಹೊಳೆದೊಡನೆ ನಿಲ್ಲಿಸಬೇಕು, ಏಕೆಂದರೆ ಹೆಚ್ಚು ಕೊರೆದರೆ ಸೀಟು ತೆಳುವಾಗಿ ನಳವೇ ಕೈಬಿಡುತ್ತದೆ. ಹಿತ್ತಾಳೆಯ ಪುಡಿಯನ್ನು ನೀರು ಬಿಟ್ಟು ತೊಳೆದ ನಂತರವೇ ಹೊಸ ವಾಯ್ಸರ್ ಹಾಕಿರಿ.

ಟಿಳಕವಾಡಿಯ ಗೃಹಿಣಿ, ಬೆಳಗಾವಿ

ನಮ್ಮ ಮನೆಯ ನಳಗಳ ಸಣ್ಣಪುಟ್ಟ ಕೆಲಸವನ್ನೆಲ್ಲ ನಾನೇ ಮಾಡುತ್ತೇನೆ. ಅಣ್ಣಾವರು ಸೀಟಿನ ಬಗ್ಗೆ ಬರೆದದ್ದಕ್ಕೆ ಸೇರಿಸಲು ನನ್ನಲ್ಲಿ ಏನೂ ಇಲ್ಲ. ಬಿಚ್ಚುವ ಮತ್ತು ಕೂಡಿಸುವ ಕ್ರಮವನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಮೊದಲ ಸಲ ಕೈ ಹಾಕುವವರಿಗೆ ತೊಡಕಾಗುವುದು ಅಲ್ಲಿಯೇ.

ನೀರು ಬರುವ ಕೊಳವೆಯ ವಾಲ್ ಬಂದ್ ಮಾಡಿ, ನಳವನ್ನು ತೆರೆದಿಟ್ಟು ಕೊಳವೆಯಲ್ಲಿ ಉಳಿದ ನೀರನ್ನು ಹರಿಯಲು ಬಿಡಬೇಕು. ಬಿಸಿನೀರಿನ ನಳವಾಗಿದ್ದರೆ ಅದಕ್ಕೂ ಮೊದಲು ಗೀಸರಿನ ಸ್ವಿಚ್ ಆರಿಸಬೇಕು. ಸೋಲಾರ್ ಇದ್ದರೆ ಅದರ ಹೊರದಾರಿಯ ವಾಲ್ ಮುಚ್ಚಿ, ಕೊಳವೆಯಲ್ಲಿ ನಿಂತ ಬಿಸಿನೀರು ಪೂರ್ತಿ ಇಳಿಯುವವರೆಗೆ ಕಾಯಬೇಕು. ನಿಮ್ಮ ಕಡೆ ಬೇಸಿಗೆಯ ಮಧ್ಯಾಹ್ನ ಸೋಲಾರಿನ ನೀರು ಕೈಯ ಚರ್ಮ ಸುಲಿಯುವಷ್ಟು ಕಾದಿರುತ್ತದೆ, ಆದ್ದರಿಂದ ಈ ಕೆಲಸವನ್ನು ಮುಂಜಾನೆಯೇ ಮಾಡುವುದು ಒಳ್ಳೆಯದು.

ಬಚ್ಚಲಿನ ಕಂಡಿಗೆ ಹಳೆಯ ಅರಿವೆ ತುರುಕಿರಿ. ಹಿಡಿಕೆಯ ಸ್ಕ್ರೂ ಅಕ್ಕಿಕಾಳಿನಷ್ಟು ಚಿಕ್ಕದಿರುತ್ತದೆ, ಅದು ಕಂಡಿಯೊಳಗೆ ಹೋದರೆ ಮತ್ತೆ ಸಿಗುವುದಿಲ್ಲ. ಹಿಡಿಕೆಯ ನೆತ್ತಿಯಲ್ಲಿ ಕೆಂಪು ಅಥವಾ ನೀಲಿ ಬಣ್ಣದ ಚಿಕ್ಕ ಮುಚ್ಚಳವಿದ್ದರೆ ಅದನ್ನು ಚಪ್ಪಟೆ ತುದಿಯ ಸ್ಕ್ರೂಡ್ರೈವರಿನಿಂದ ಎಬ್ಬಿಸಿ, ಕೆಳಗಿನ ಸ್ಕ್ರೂ ತೆಗೆದು, ಹಿಡಿಕೆಯನ್ನು ನೇರವಾಗಿ ಮೇಲಕ್ಕೆಳೆಯಬೇಕು. ಆಗ ಸ್ಪಿಂಡಲ್ಲನ್ನು ಹಿಡಿದಿರುವ ನಳದ ತಲೆಯ ಆರು ಮೂಲೆಯ ಭಾಗ ಕಾಣುತ್ತದೆ. ಹೊಳಪು ಕೆಡದಂತೆ ಅರಿವೆ ಸುತ್ತಿ, ಪಾನಾ ಹಿಡಿದು ಗಡಿಯಾರದ ಮುಳ್ಳು ತಿರುಗುವುದಕ್ಕೆ ವಿರುದ್ಧವಾಗಿ ತಿರುವಬೇಕು.

ಈಗ ಬಹಳ ಮುಖ್ಯವಾದ ಮಾತು. ಒಂದು ಕೈಯಲ್ಲಿ ಪಾನಾ ತಿರುವುವಾಗ ಇನ್ನೊಂದು ಕೈಯಿಂದ, ಇಲ್ಲವೇ ಇನ್ನೊಂದು ಪಾನಾದಿಂದ, ನಳದ ಮೈಯನ್ನು ಅಲುಗದಂತೆ ಹಿಡಿದಿರಬೇಕು. ಇಲ್ಲವಾದರೆ ನಳದ ತಲೆಯ ಬದಲು ಇಡೀ ನಳವೇ ಗೋಡೆಯೊಳಗೆ ತಿರುಗುತ್ತದೆ. ಗೋಡೆಯೊಳಗಿನ ಹಳೆಯ ಕಬ್ಬಿಣದ ಕೊಳವೆ ಜಂಗು ತಿಂದಿದ್ದರೆ ಅಲ್ಲಿಯೇ ಮುರಿಯುತ್ತದೆ. ಆಮೇಲೆ ಟೈಲ್ಸ್ ಒಡೆಯದೆ ಗತಿಯಿಲ್ಲ.

ಕೂಡಿಸುವಾಗ ಸ್ಪಿಂಡಲ್ಲನ್ನು ಪೂರ್ತಿ ಮೇಲಕ್ಕೆ, ಅಂದರೆ ನಳ ತೆರೆದ ಸ್ಥಿತಿಯಲ್ಲಿಟ್ಟು ತಿರುಪಿರಿ. ಕೆಳಗಿಳಿಸಿಟ್ಟು ತಿರುಪಿದರೆ ತಲೆ ಪೂರ್ತಿ ಕೂಡುವ ಮೊದಲೇ ವಾಯ್ಸರ್ ಸೀಟಿಗೆ ತಾಗಿ ನಜ್ಜುಗುಜ್ಜಾಗುತ್ತದೆ. ನಂತರ ಮುಖ್ಯ ವಾಲನ್ನು ಸ್ವಲ್ಪಸ್ವಲ್ಪವಾಗಿ ತೆರೆದು, ಒಳಗಿನ ಕಸ ಹೋಗುವಷ್ಟು ನೀರು ಹರಿಸಿ, ಆಮೇಲೆ ನಳ ಬಂದ್ ಮಾಡಿ ನೋಡಿರಿ.

ನಿವೃತ್ತ ರಸಾಯನಶಾಸ್ತ್ರ ಶಿಕ್ಷಕ, ಮುಧೋಳ

ನಮ್ಮ ಭಾಗದಲ್ಲಿ ನಳಗಳು ಬೇಗ ಕೆಡುವುದಕ್ಕೆ ನೀರಿನ ಗುಣವೂ ಕಾರಣ. ಕಲಾದಗಿ, ಲೋಕಾಪುರ, ಮುಧೋಳಗಳ ಕಡೆ ನೆಲದಡಿಯಲ್ಲಿ ಸುಣ್ಣದಕಲ್ಲು ಹೇರಳವಾಗಿದೆ. ಅದರ ನಡುವೆ ಇಳಿದು ಬರುವ ಅಂತರ್ಜಲದಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ವಿಜಯಪುರದ ಕಪ್ಪುಕಲ್ಲಿನ ಪ್ರದೇಶದ ಕೊಳವೆಬಾವಿಗಳಲ್ಲಿಯೂ ಗಡಸು ನೀರು ಸಾಮಾನ್ಯ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂವರೆಗೆ ಇರಬಹುದು. ಬೇರೆ ನೀರಿನ ಮೂಲವೇ ಇಲ್ಲದಲ್ಲಿ 600ರವರೆಗೆ ಒಪ್ಪಲಾಗುತ್ತದೆ.

ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿಯಾದಾಗ ಒಡೆದು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೆಳಗೆ ಕೂಡುತ್ತದೆ. ಗೀಸರಿನ ಕಡ್ಡಿಯ ಮೇಲೆ ಕಟ್ಟುವ ಬಿಳಿಯ ತೊಗಟೆ ಇದೇ. ಆದ್ದರಿಂದ ತಣ್ಣೀರಿನ ನಳಕ್ಕಿಂತ ಬಿಸಿನೀರಿನ ನಳ ಬೇಗ ಹನಿಯತೊಡಗುತ್ತದೆ. ಬಿಸಿಗೆ ರಬ್ಬರು ಬೇಗ ಬಿರುಸಾಗುವುದೂ ಅದಕ್ಕೆ ಸೇರುತ್ತದೆ. ತಣ್ಣೀರಿನ ನಳದಲ್ಲಿಯೂ, ಬಾಯಿಯಲ್ಲಿ ನಿಂತ ಹನಿ ಅಲ್ಲಿಯೇ ಆರಿದಾಗ ಲವಣ ಉಳಿದು ಪದರಪದರವಾಗಿ ಬೆಳೆಯುತ್ತದೆ. ಹನಿಯುವ ನಳ ಹೀಗೆ ತನ್ನ ಕೇಡನ್ನು ತಾನೇ ಹೆಚ್ಚಿಸಿಕೊಳ್ಳುತ್ತಾ ಹೋಗುತ್ತದೆ.

ಈ ತೊಗಟೆ ಮೆದು ಆಮ್ಲದಲ್ಲಿ ಕರಗುತ್ತದೆ. ಬಿಚ್ಚಿದ ಹಿತ್ತಾಳೆಯ ಭಾಗಗಳನ್ನು ಅಡುಗೆಯ ಬಿಳಿ ವಿನೆಗರಿನಲ್ಲಾಗಲಿ ಲಿಂಬೆರಸದಲ್ಲಾಗಲಿ ನೆನೆಯಿಟ್ಟು, ಗುಳ್ಳೆ ಏಳುವುದು ನಿಂತ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆಯಿರಿ. ಕ್ರೋಮಿಯಂ ಲೇಪನವಿರುವ ಹೊರಭಾಗವನ್ನು ಇಡೀ ರಾತ್ರಿ ಅದರಲ್ಲಿ ಬಿಡಬೇಡಿರಿ, ಲೇಪನ ಮಂಕಾಗುತ್ತದೆ.

ಶೌಚಾಲಯ ತೊಳೆಯುವ ಆಸಿಡ್ಡನ್ನು ನಳಕ್ಕೆ ಎಂದಿಗೂ ತಾಗಿಸಬಾರದೆಂದು ನಾನು ಒತ್ತಿ ಹೇಳುತ್ತೇನೆ. ಅದು ಹೈಡ್ರೋಕ್ಲೋರಿಕ್ ಆಮ್ಲ. ಕ್ರೋಮಿಯಂ ಪದರವನ್ನು ಕಿತ್ತು ಕೆಳಗಿನ ಹಿತ್ತಾಳೆಯಿಂದ ಸತುವನ್ನು ಕರಗಿಸಿಬಿಡುತ್ತದೆ, ಲೋಹ ಜೊಳ್ಳಾಗುತ್ತದೆ. ಅದು ಬ್ಲೀಚಿಂಗ್ ಪೌಡರಿನೊಡನೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಚಿಕ್ಕ ಬಚ್ಚಲಮನೆಯಲ್ಲಿ ಅದು ಪ್ರಾಣಕ್ಕೇ ಅಪಾಯ.

ಹಾರ್ಡ್‌ವೇರ್ ವ್ಯಾಪಾರಿ, ವಿಜಯಪುರ

ಕೆಳಗಿನ ನಳದ ವಿಷಯ ಸಾಕಷ್ಟು ಚರ್ಚೆಯಾಗಿದೆ, ನಾನು ಬೇಸಿನ್ನಿನ ನಳದ ಬಗ್ಗೆ ಬರೆಯುತ್ತೇನೆ. ಕಾಲು ಸುತ್ತಿನ ನಳದೊಳಗೆ ಹಳೆಯ ಬಗೆಯ ವಾಯ್ಸರ್ ಇರುವುದಿಲ್ಲ, ಅದರ ಜಾಗದಲ್ಲಿ ಕಾರ್ಟ್ರಿಜ್ ಇರುತ್ತದೆ. ಆ ಕಾರ್ಟ್ರಿಜ್ಜಿನೊಳಗೆ ಕನ್ನಡಿಯಂತೆ ನಯಗೊಳಿಸಿದ ಎರಡು ಸಿರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಕೂತಿರುತ್ತವೆ. ಮೇಲಿನದು ತಿರುಗಿ ಎರಡರ ಕಂಡಿಗಳೂ ಒಂದೇ ನೇರಕ್ಕೆ ಬಂದಾಗ ನೀರು ಹರಿಯುತ್ತದೆ, ಸರಿದಾಗ ನಿಲ್ಲುತ್ತದೆ. ಬಿಲ್ಲೆ ಬಹಳ ಗಟ್ಟಿಯಾದುದು, ಸುಮ್ಮನೆ ಸವೆಯುವುದಿಲ್ಲ. ಆದರೆ ಎರಡರ ನಡುವೆ ಮರಳಿನ ಕಣವೊಂದು ಸಿಕ್ಕಿಕೊಂಡರೆ ಗೀರು ಬೀಳುತ್ತದೆ, ಗೀರು ಬಿದ್ದ ಬಿಲ್ಲೆಗೆ ಮದ್ದಿಲ್ಲ.

ಆದರೂ ಹೊಸದನ್ನು ಕೊಳ್ಳುವ ಮೊದಲು ಕಾರ್ಟ್ರಿಜ್ಜಿನ ಬುಡದಲ್ಲಿರುವ ರಬ್ಬರಿನ ಉಂಗುರವನ್ನು ನೋಡಿರಿ. ಹಲವು ಸಲ ಅದೇ ಚಪ್ಪಟೆಯಾಗಿರುತ್ತದೆ, ಇಲ್ಲವೇ ಅದರ ಕೆಳಗೆ ಸವಳು ಕಟ್ಟಿರುತ್ತದೆ. ಗುರುಗಳು ಹೇಳಿದಂತೆ ವಿನೆಗರಿನಲ್ಲಿ ತೊಳೆದು ಮತ್ತೆ ಕೂಡಿಸಿ ನೋಡಿರಿ. ಅಷ್ಟಕ್ಕೂ ನಿಲ್ಲದಿದ್ದರೆ ಕಾರ್ಟ್ರಿಜ್ ಬದಲಿಸಬೇಕು.

ಅಂಗಡಿಗೆ ಬರುವಾಗ ಹಳೆಯ ಕಾರ್ಟ್ರಿಜ್ಜನ್ನು ಕೈಯಲ್ಲಿಯೇ ತರಬೇಕೆಂದು ಎಲ್ಲ ಗಿರಾಕಿಗಳಲ್ಲಿ ನನ್ನ ವಿನಂತಿ. ಅರ್ಧ ಇಂಚಿನದು ಎಂದಷ್ಟೇ ಹೇಳಿದರೆ ಸಾಲದು. ಹಿಡಿಕೆ ಕೂಡುವ ತುದಿಯಲ್ಲಿ ಹಲ್ಲುಗಳಿರುತ್ತವೆ. ಕೆಲವಕ್ಕೆ 20, ಕೆಲವಕ್ಕೆ 24. ಹಲ್ಲು ತಪ್ಪಿದರೆ ನಿಮ್ಮ ಹಳೆಯ ಹಿಡಿಕೆ ಕೂಡುವುದಿಲ್ಲ. ಉದ್ದದಲ್ಲಿಯೂ ವ್ಯತ್ಯಾಸವಿರುತ್ತದೆ. ಬಿಸಿನೀರಿಗೊಂದು ತಣ್ಣೀರಿಗೊಂದು ಹಿಡಿಕೆಯಿರುವ ಮಿಕ್ಸರುಗಳಲ್ಲಿ ಎಡಗಡೆಯದು ಒಂದು ದಿಕ್ಕಿಗೂ ಬಲಗಡೆಯದು ಇನ್ನೊಂದು ದಿಕ್ಕಿಗೂ ತೆರೆಯುವಂತೆ ಮಾಡಿರುತ್ತಾರೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೂ ಮೇಲುನೋಟಕ್ಕೆ ಒಂದೇ ಆಗಿ ಕಾಣುತ್ತವೆ. ಒಂದೇ ಹಿಡಿಕೆಯನ್ನು ಎತ್ತಿ ತೆರೆಯುವ ಮಿಕ್ಸರಿನದು ಬೇರೆಯದೇ ಆಕಾರ, ಸಾಮಾನ್ಯವಾಗಿ 35 ಅಥವಾ 40 ಮಿಲಿಮೀಟರ್ ಅಗಲದ್ದು.

ಹಿತ್ತಾಳೆ ನಳದ ಬಗ್ಗೆಯೂ ನನ್ನ ಅಭಿಪ್ರಾಯ ಹೇಳುತ್ತೇನೆ. ಸೀಟು ಕೊರೆದಿದ್ದರೆ ಅದಕ್ಕಾಗಿ ಕಟರ್ ಹುಡುಕಿಕೊಂಡು ಓಡಾಡುವುದಕ್ಕಿಂತ ನಳವನ್ನೇ ಬದಲಿಸಿ, ಕಾಲು ಸುತ್ತಿನದನ್ನು ಹಾಕುವುದು ಒಳ್ಳೆಯದು. ಹಿರಿಯರ ಕೈಗೆ ಅದೇ ಸುಲಭ.

ನಳ ಜೋಡಣೆ ಕೆಲಸಗಾರ, ನವನಗರ, ಬಾಗಲಕೋಟೆ

ಸಾವುಕಾರರ ಕೊನೆಯ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಹಿರಿಯರಿಗೆ ಕಾಲು ಸುತ್ತಿನ ನಳ ಸುಲಭವೆಂಬುದು ನಿಜ. ಆದರೆ ಹಳೆಯ ಎರಕದ ಹಿತ್ತಾಳೆಯ ನಳದ ಮೈ ದಪ್ಪವಾಗಿರುತ್ತದೆ. ಅದರೊಳಗೆ ಬದಲಿಸಬಹುದಾದ ಭಾಗಗಳು ಬಿಡಿಬಿಡಿಯಾಗಿ ಸಿಗುತ್ತವೆ, ಗಡಸು ನೀರಿನಲ್ಲಿಯೂ ಅದು ದೀರ್ಘಕಾಲ ಬಾಳುತ್ತದೆ. ಟಾಕಿಯ ತಳದಲ್ಲಿ ರಾಡಿ ಕೂಡುವ ಮನೆಗಳಲ್ಲಿ ಸಿರಾಮಿಕ್ ಬಿಲ್ಲೆಗಿಂತ ರಬ್ಬರ್ ವಾಯ್ಸರೇ ತಾಳುತ್ತದೆಂಬುದು ನನ್ನ ಅನುಭವ. ಮರಳಿನ ಕಣ ರಬ್ಬರಿನಲ್ಲಿ ಒತ್ತಿ ಕೂಡುತ್ತದೆ, ಬಿಲ್ಲೆಯಲ್ಲಿ ಗೀರೆಳೆಯುತ್ತದೆ.

ಇನ್ನೂ ದೊಡ್ಡ ಕಾರಣ ಗೋಡೆ. ವಾಯ್ಸರ್ ಅಥವಾ ಸೀಟಿನ ಕೆಲಸ ನಳದ ಒಳಗೇ ಮುಗಿಯುತ್ತದೆ. ನಳ ಬದಲಿಸುವುದೆಂದರೆ ಗೋಡೆಯೊಳಗಿನ ಕೊಳವೆಯಿಂದ ಅದನ್ನು ತಿರುಪಿ ತೆಗೆಯಬೇಕು. ಹಳೆಯ ಮನೆಗಳಲ್ಲಿ ಸುತಳಿ ಸುತ್ತಿ ಸಫೇದಾ ಎಂಬ ಬಿಳಿ ಲೇಪ ಬಳಿದು ಕೂಡಿಸಿದ ನಳ ಕಲ್ಲಿನಂತೆ ಹಿಡಿದಿರುತ್ತದೆ. ಅದನ್ನು ಬಲ ಹಾಕಿ ತಿರುವಿದಾಗ ಎಷ್ಟೋ ಮನೆಗಳಲ್ಲಿ ಒಳಗಿನ ಕಬ್ಬಿಣದ ತುಂಡು ಮುರಿದದ್ದನ್ನು ಕಂಡಿದ್ದೇನೆ. ಸ್ವಲ್ಪ ಬಲ ಹಾಕಿದಾಗ ನಳ ಸಡಿಲವಾಗದಿದ್ದರೆ ಅಲ್ಲಿಗೆ ನಿಲ್ಲಿಸಿ ಕೆಲಸಗಾರರನ್ನು ಕರೆಯುವುದೇ ಲೇಸು. ಅದು ಮನೆಯವರು ಕೈ ಹಾಕುವ ಕೆಲಸವಲ್ಲ.

ಹೊಸ ಮನೆಗಳ ಸಿಪಿವಿಸಿ ಕೊಳವೆಗೆ ಬೇರೆ ಎಚ್ಚರ ಬೇಕು. ಜಂಗು ಬಿಡಿಸುವ ಎಣ್ಣೆ, ಸೀಮೆಎಣ್ಣೆ ಮೊದಲಾದವು ತಾಗಿದರೆ ಆ ಪ್ಲಾಸ್ಟಿಕ್ ಬಿರುಕು ಬಿಡಬಹುದು. ಅದರಲ್ಲಿ ಟೆಫ್ಲಾನ್ ಟೇಪು ಸುತ್ತಿ, ಕೈಯಿಂದ ಕೂಡಿಸಿ, ಕೊನೆಗೆ ಪಾನಾದಿಂದ ತುಸು ಬಿಗಿದರೆ ಸಾಕು. ಟೇಪನ್ನು ನಳ ತಿರುಪುವ ದಿಕ್ಕಿಗೇ ಸುತ್ತಬೇಕು. ವಿರುದ್ಧ ಸುತ್ತಿದರೆ ತಿರುಪುವಾಗ ಸುರುಳಿಯಾಗಿ ಹೊರಗೆ ಬರುತ್ತದೆ.

ಓದುಗ, ಜಮಖಂಡಿ

ನಡುವೆ ನನ್ನದೊಂದು ಪ್ರಶ್ನೆ. ನಮ್ಮ ನಳದ ಬಾಯಿಯಿಂದ ಒಂದು ಹನಿಯೂ ಬೀಳುವುದಿಲ್ಲ. ಆದರೆ ನಳ ತೆರೆದಾಗ ಹಿಡಿಕೆಯ ಬುಡದಿಂದ ನೀರು ಜಿನುಗಿ ಗೋಡೆಗುಂಟ ಇಳಿಯುತ್ತದೆ. ಬಂದ್ ಮಾಡಿದರೆ ಅದೂ ನಿಲ್ಲುತ್ತದೆ. ಇದಕ್ಕೂ ವಾಯ್ಸರ್ ಬದಲಿಸಬೇಕೆ?

ಟಿಳಕವಾಡಿಯ ಗೃಹಿಣಿ, ಬೆಳಗಾವಿ

ಬೇಕಿಲ್ಲ, ಅಣ್ಣಾವರೇ. ನೀರು ಎಲ್ಲಿಂದ ಬರುತ್ತದೆ, ಯಾವಾಗ ಬರುತ್ತದೆ ಎಂಬುದನ್ನು ಮೊದಲು ನೋಡಿಕೊಂಡರೆ ಅರ್ಧ ಕೆಲಸ ಆದಂತೆ. ನಳ ಬಂದ್ ಇದ್ದಾಗ ಬಾಯಿಯಿಂದ ಹನಿದರೆ ವಾಯ್ಸರ್, ಸೀಟು, ಇಲ್ಲವೇ ಕಾರ್ಟ್ರಿಜ್. ತೆರೆದಾಗ ಮಾತ್ರ ಹಿಡಿಕೆಯ ಬುಡದಲ್ಲಿ ಜಿನುಗಿದರೆ ಗ್ಲ್ಯಾಂಡ್, ಅಂದರೆ ಸ್ಪಿಂಡಲ್ಲಿನ ಸುತ್ತ ನೀರು ತಡೆಯುವ ಭಾಗ. ಹಿಡಿಕೆ ತೆಗೆದಾಗ ಸ್ಪಿಂಡಲ್ಲಿನ ಸುತ್ತ ಕಾಣುವ ಚಿಕ್ಕ ನಟ್ಟನ್ನು ಕಾಲು ಸುತ್ತಿಗಿಂತ ಕಡಿಮೆ ಬಿಗಿದು ನೋಡಿರಿ. ಹಲವು ಸಲ ಅಷ್ಟರಲ್ಲಿಯೇ ನಿಲ್ಲುತ್ತದೆ. ನಿಲ್ಲದಿದ್ದರೆ ನಟ್ಟು ತೆಗೆದು ಒಳಗಿನ ಹಳೆಯ ನೂಲನ್ನು ಕಿತ್ತು ಹೊಸದನ್ನು ಸುತ್ತಬೇಕು. ಕೆಲವು ನಳಗಳಲ್ಲಿ ನೂಲಿನ ಬದಲು ಓ-ರಿಂಗ್ ಎಂಬ ರಬ್ಬರಿನ ಉಂಗುರ ಇರುತ್ತದೆ, ಅದೇ ಅಳತೆಯದನ್ನು ತಂದು ಹಾಕಬೇಕು. ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ಸವರಿರಿ. ಪೆಟ್ರೋಲಿಯಂ ಜೆಲ್ಲಿ ಬೇಡ, ಅದರಿಂದ ಕೆಲವು ಬಗೆಯ ರಬ್ಬರು ಉಬ್ಬಿ ಮೆತ್ತಗಾಗುತ್ತದೆ.

ಶವರಿನ ಬಗ್ಗೆಯೂ ಒಂದು ಮಾತು. ಸ್ನಾನ ಮುಗಿಸಿ ನಳ ಬಂದ್ ಮಾಡಿದ ಮೇಲೆ ಸ್ವಲ್ಪ ಹೊತ್ತು ಶವರಿನಿಂದ ಹನಿ ಬಿದ್ದು ತಾನಾಗಿಯೇ ನಿಂತರೆ ಅದು ಕೊಳವೆಯಲ್ಲಿ ಉಳಿದ ನೀರು ಇಳಿಯುತ್ತಿರುವುದು ಮಾತ್ರ. ಅದಕ್ಕಾಗಿ ನಳ ಬಿಚ್ಚಬೇಡಿರಿ.

ನೀರು ಸರಬರಾಜು ವಿಭಾಗದ ನಿವೃತ್ತ ಎಂಜಿನಿಯರ್, ಬೆಳಗಾವಿ

ಪ್ರಶ್ನೆ ಕೇಳಿದವರು ಹನಿಯನ್ನು ಅಳೆದು ಬರೆದದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಗಂಟೆಗೆ 250 ಮಿಲಿಲೀಟರ್ ಎಂದರೆ ದಿನಕ್ಕೆ 6 ಲೀಟರ್, ತಿಂಗಳಿಗೆ 180, ವರ್ಷಕ್ಕೆ 2,190 ಲೀಟರ್. ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬ ಲೆಕ್ಕದಲ್ಲಿ ಯೋಜನೆಗಳನ್ನು ರೂಪಿಸುತ್ತಾರೆ. ಅಂದರೆ ಒಂದೇ ನಳದಿಂದ ಒಬ್ಬರ ಹದಿನಾರು ದಿನಗಳ ನೀರು ವರ್ಷದಲ್ಲಿ ಸೋರಿಹೋಗುತ್ತದೆ. ವಿಜಯಪುರಕ್ಕೆ ಕೃಷ್ಣೆಯ ನೀರು ಕೊಲ್ಹಾರದ ಕಡೆಯಿಂದ ಬರಬೇಕು. ಅಷ್ಟು ದೂರದಿಂದ ವಿದ್ಯುತ್ ಖರ್ಚು ಮಾಡಿ ಎತ್ತಿ, ಶುದ್ಧೀಕರಿಸಿ ತಂದ ನೀರಿದು.

ಒತ್ತಡದ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಹೇಳುತ್ತೇನೆ. ನೀರಿನ ಮಟ್ಟ 10 ಮೀಟರ್ ಎತ್ತರದಲ್ಲಿದ್ದರೆ ಕೆಳಗೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಒತ್ತಡ ಬೀಳುತ್ತದೆ. ಒಂದಂತಸ್ತಿನ ಮನೆಯ ಮೇಲಿನ ಟಾಕಿಯಿಂದ ಬಚ್ಚಲಿನ ನಳಕ್ಕೆ ಇದರ ಅರ್ಧವೂ ಇರುವುದಿಲ್ಲ. ಬೀದಿಯ ಕೊಳವೆಗೆ ನೇರವಾಗಿ ಜೋಡಿಸಿದ ನಳಕ್ಕೆ ಇದಕ್ಕಿಂತ ಹೆಚ್ಚಿನ ಒತ್ತಡವಿರಬಹುದು. ರಾತ್ರಿ ಊರಿನವರೆಲ್ಲ ನಳ ಬಂದ್ ಮಾಡಿ ಮಲಗಿದಾಗ ಅದು ಇನ್ನೂ ಏರುತ್ತದೆ. ಹಗಲು ನಿಂತಂತಿದ್ದ ಹನಿ ರಾತ್ರಿ ಶುರುವಾಗುವುದಕ್ಕೆ ಇದು ಕಾರಣ.

ಬೆಳಗಾವಿ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿಯ ಆಯ್ದ ವಾರ್ಡುಗಳಲ್ಲಿ 2008ರ ಸುಮಾರಿಗೆ ದಿನವಿಡೀ ನೀರು ಕೊಡುವ ವ್ಯವಸ್ಥೆ ಜಾರಿಗೆ ಬಂತು. ವಾರಕ್ಕೊಮ್ಮೆ ನೀರು ಬಿಡುವಲ್ಲಿ ನೇರ ಕೊಳವೆಯ ನಳ ಹನಿಯುವುದು ನೀರು ಬಂದ ಕೆಲವು ಗಂಟೆಗಳಲ್ಲಿ ಮಾತ್ರ. ನಿರಂತರ ನೀರಿರುವಲ್ಲಿ ಅದೇ ದೋಷ ಇಪ್ಪತ್ನಾಲ್ಕು ಗಂಟೆಯೂ ಸೋರುತ್ತದೆ, ಮೀಟರಿನಲ್ಲಿಯೂ ಕಾಣುತ್ತದೆ. ಇನ್ನೊಂದೆಡೆ, ಖಾಲಿ ಕೊಳವೆಗೆ ನೀರು ನುಗ್ಗುವಾಗ ಗಾಳಿಯ ಜೊತೆಗೆ ಮಣ್ಣಿನ ಕಣಗಳೂ ಬರುತ್ತವೆ. ಆದ್ದರಿಂದ ಬಿಟ್ಟುಬಿಟ್ಟು ನೀರು ಬರುವ ಬಡಾವಣೆಗಳಲ್ಲಿ ಮೊದಲ ನೀರನ್ನು ಹೊರಗಿನ ನಳದಿಂದ ಬಿಟ್ಟ ಮೇಲೆಯೇ ಟಾಕಿಗೆ ಸೇರಿಸಬೇಕು.

ಈ ಎರಡು ಕಾಟಗಳಿಗೂ, ಅಂದರೆ ಒತ್ತಡಕ್ಕೂ ರಾಡಿಗೂ, ಆದಿಲ್‌ಶಾಹಿ ಕಾಲದ ವಿಜಯಪುರದಲ್ಲಿ ಉಪಾಯ ಕಂಡುಕೊಂಡಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. 1651ರಲ್ಲಿ ಮುಹಮ್ಮದ್ ಆದಿಲ್‌ಶಾಹನ ಕಾಲಕ್ಕೆ ಕಟ್ಟಿದ ಬೇಗಂ ತಾಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ನೀರು ಬರುತ್ತಿತ್ತು. ದಾರಿಯ ಮಧ್ಯೆ ಗಂಜ್ ಎಂಬ ಕಲ್ಲಿನ ಗೋಪುರಗಳನ್ನು ಕಟ್ಟಿ, ಒತ್ತಡ ಅಲ್ಲಿ ತಗ್ಗುವಂತೆಯೂ ರಾಡಿ ಅಲ್ಲಿಯೇ ತಳಕ್ಕಿಳಿಯುವಂತೆಯೂ ಮಾಡಿದ್ದರು. ಅಂಥ ಗೋಪುರಗಳು ಈಗಲೂ ನಗರದಲ್ಲಿ ಕಾಣಸಿಗುತ್ತವೆ.

ಜಲನಗರ ನಿವಾಸಿ, ವಿಜಯಪುರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಟಾಕಿಯ ನೀರು ಮುಗಿದ ಹೊತ್ತು ನೋಡಿ ಹಿತ್ತಾಳೆಯ ನಳವನ್ನು ಬಿಚ್ಚಿದೆ. ನವನಗರದ ಅಣ್ಣಾವರು ಹೇಳಿದಂತೆ ಬೆರಳಾಡಿಸಿದಾಗ ಸೀಟಿನ ಒಂದು ಬದಿಯಲ್ಲಿ ಸಣ್ಣ ತಗ್ಗು ಸ್ಪಷ್ಟವಾಗಿ ತಾಗಿತು, ಹೊಸ ವಾಯ್ಸರಿನ ಅದೇ ಜಾಗದಲ್ಲಿ ಕತ್ತರಿಸಿದ ಗುರುತೂ ಇತ್ತು. ಪರಿಚಯದ ಕೆಲಸಗಾರರೊಬ್ಬರು ಸೀಟ್ ಕಟರ್ ಕೊಟ್ಟು, ತಿರುವುವಾಗ ಪಕ್ಕದಲ್ಲಿಯೇ ನಿಂತಿದ್ದರು. ಈಗ ನಳ ಹಗುರವಾಗಿ ತಿರುಗುತ್ತದೆ, ಹನಿಯೂ ಇಲ್ಲ. ಅವ್ವನವರೇ ತೆರೆದು ಮುಚ್ಚಿ ನೋಡಿದರು.

ಬೇಸಿನ್ನಿನ ನಳದ ಕಾರ್ಟ್ರಿಜ್ಜನ್ನು ವಿನೆಗರಿನಲ್ಲಿ ತೊಳೆದ ಮೇಲೆ ಹನಿ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಬುಡದ ರಬ್ಬರ್ ಉಂಗುರ ಚಪ್ಪಟೆಯಾಗಿದೆ, ಅಂಗಡಿಗೆ ಒಯ್ದು ತೋರಿಸುತ್ತೇನೆ.

ಇನ್ನೊಂದು ತೊಂದರೆ ಉಳಿದಿದೆ. ಟಾಕಿಯ ಕೆಳಗಿನ ಗೇಟ್ ವಾಲ್ ತಿರುಗುವುದೇ ಇಲ್ಲ; ಅದಕ್ಕೇ ಟಾಕಿ ಬರಿದಾಗುವವರೆಗೆ ಕಾಯಬೇಕಾಯಿತು. ಪಾನಾ ಹಾಕಿ ತಿರುವಬಹುದೆ?

ನಳ ಜೋಡಣೆ ಕೆಲಸಗಾರ, ನವನಗರ, ಬಾಗಲಕೋಟೆ

ಬೇಡ ಸರ್. ಬಹುಕಾಲ ತಿರುವದೆ ಬಿಟ್ಟ ಗೇಟ್ ವಾಲಿನ ಒಳಗೆ ಸವಳು ಕಟ್ಟಿ ಕದ ಹಿಡಿದುಕೊಂಡಿರುತ್ತದೆ. ಬಲ ಹಾಕಿದರೆ ದಂಡು ಮುರಿದು, ಕದ ಅರ್ಧ ಮುಚ್ಚಿದಲ್ಲಿಯೇ ಉಳಿಯುತ್ತದೆ. ಆಗ ಮನೆಗೆ ನೀರೇ ಸರಿಯಾಗಿ ಇಳಿಯುವುದಿಲ್ಲ. ಟಾಕಿ ತೊಳೆಯುವ ದಿನ ಹೇಗೂ ನೀರು ಖಾಲಿ ಮಾಡುತ್ತೀರಿ, ಅಂದೇ ಅದನ್ನು ತೆಗೆಸಿ ಕಾಲು ಸುತ್ತಿನ ಬಾಲ್ ವಾಲ್ ಹಾಕಿಸಿರಿ. ಅದರ ಮುಂದೆ ಒಂದು ಯೂನಿಯನ್, ಅಂದರೆ ಬಿಚ್ಚಿ ಕೂಡಿಸಬಹುದಾದ ಜೋಡಣೆ, ಕೂಡಿಸಲು ಹೇಳಿರಿ, ಮುಂದೆ ಬಿಚ್ಚುವಾಗ ಕೊಳವೆ ಕತ್ತರಿಸಬೇಕಾಗುವುದಿಲ್ಲ. ಬಚ್ಚಲಮನೆಗೆ ಹೋಗುವ ಕೊಳವೆಗೆ ಪ್ರತ್ಯೇಕ ವಾಲ್ ಇದ್ದರೆ ಇನ್ನೂ ಒಳ್ಳೆಯದು. ಬಚ್ಚಲಿನ ನಳ ಬಿಚ್ಚಿದಾಗ ಅಡುಗೆಮನೆಯ ನೀರು ನಿಲ್ಲುವುದಿಲ್ಲ. ಹೊಸ ವಾಲನ್ನು ಎರಡು ಮೂರು ತಿಂಗಳಿಗೊಮ್ಮೆ ಮುಚ್ಚಿ ತೆರೆಯುತ್ತಿರಿ, ಸವಳು ಹಿಡಿಯುವುದಿಲ್ಲ.

ಬೇಸಿನ್ನಿನ ನಳಕ್ಕೆ ಹೊಸ ಉಂಗುರವೋ ಕಾರ್ಟ್ರಿಜ್ಜೋ ಹಾಕುವ ಮೊದಲು ಟಾಕಿಯ ತಳದ ರಾಡಿಯನ್ನೂ ತೆಗೆಸಿರಿ. ಕಾರ್ಟ್ರಿಜ್ ಕೂಡಿಸುವಾಗ ಬೇಸಿನ್ನಿನ ಕೆಳಗಿನ ಚಿಕ್ಕ ವಾಲನ್ನು, ಅಂದರೆ ಆಂಗಲ್ ಕಾಕನ್ನು, ಒಂದು ಕ್ಷಣ ತೆರೆದು, ನಳದ ಖಾಲಿ ಮೈಯೊಳಗಿನಿಂದ ಸ್ವಲ್ಪ ನೀರು ಚಿಮ್ಮಿಸಿ ಬಂದ್ ಮಾಡಿರಿ. ಅಲ್ಲಿ ಉಳಿದ ಮರಳು ಹೊರಗೆ ಬಂದ ಮೇಲೆ ಹೊಸದನ್ನು ಕೂಡಿಸಿರಿ.